‘ಬಿದ್ದುಬಿಟ್ಟಿತು’ ಎನ್ನುವ ಮಾತು

ಪರಭಾಷೆಯ ವ್ಯಾಕರಣ ಓದುವವನಿಗೆ ಒಂದು ಅನಿರೀಕ್ಷಿತ ಲಾಭವುಂಟು: ತನ್ನ ಮನೆಮಾತಿನ ಗುಟ್ಟುಗಳು ಆಗ ಕಣ್ಣಿಗೆ ಬೀಳತೊಡಗುತ್ತವೆ. ಈಚೆಗೆ ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಅಲ್ಲಿ ಕಲಿಯುವವರನ್ನು ಕಾಡುವುದು ಒಂಟಿ ಕ್ರಿಯಾಪದಗಳಿಗಿಂತ ಅವುಗಳ ಜೋಡಣೆ. ‘ಆಕಾಬಾರ್’ ಎಂದರೆ ಮುಗಿಸು. ಅದರ ಮುಂದೆ ‘ದೆ’ ಸೇರಿಸಿ ಇನ್ನೊಂದು ಕ್ರಿಯೆಯನ್ನಿಟ್ಟರೆ ‘ಈಗತಾನೆ ಮಾಡಿದೆ’ ಎಂಬರ್ಥ ಬರುತ್ತದೆ. ಕೈಯಿಂದ ಲೋಟ ಜಾರಿದವನು ‘ಸೆ ಮೆ ಕಾಯೊ ಎಲ್ ವಾಸೊ’ ಎನ್ನುತ್ತಾನೆ. ಲೋಟ ತಾನಾಗಿ ಬಿತ್ತು, ನನಗೆ ಹೀಗಾಯಿತು ಎಂದು ಅದರ ಭಾವ. ಬೀಳಿಸಿದವನು ವಾಕ್ಯದಲ್ಲಿ ಕರ್ತೃವೇ ಅಲ್ಲ!

ನಾವೇನು ಕಡಿಮೆಯೇ? ಮಡಕೆ ‘ಒಡೆದುಹೋಯಿತು’ ಎಂದರೆ ಯಾರ ಹೊಣೆಯೂ ಇಲ್ಲ; ‘ಒಡೆದುಹಾಕಿದ’ ಎಂದರೆ ಬೇಕೆಂದೇ ಮಾಡಿದ; ‘ಒಡೆದುಬಿಟ್ಟ’ ಎಂದರೆ ಆಗಬಾರದ್ದು ಆಯಿತು. ಧಾತು ಒಂದೇ, ಬೆನ್ನಿಗೆ ಬಂದ ಕ್ರಿಯಾಪದ ತೀರ್ಪು ಕೊಡುತ್ತದೆ.

ಇದು ಬರಿಯ ವ್ಯಾಕರಣದ ಮಾತಲ್ಲ. ಫಾಸಿ ಮತ್ತು ಬೊರೊಡಿಟ್ಸ್ಕಿ ಎಂಬ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಕೆಂದು ಮಾಡಿದ ಕೆಲಸದ ಕರ್ತೃವನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷಿಕರು ಸಮನಾಗಿ ನೆನಪಿಟ್ಟಿದ್ದರು. ಆಕಸ್ಮಿಕದಲ್ಲಾದರೋ ಸ್ಪ್ಯಾನಿಷ್ ಭಾಷಿಕರ ನೆನಪು ಹಿಂದೆ ಬಿತ್ತು. ಹಾಗಾದರೆ ಭಾಷೆ ನಮ್ಮನ್ನು ಹೊಣೆಯಿಂದ ಪಾರುಮಾಡುತ್ತದೆಯೇ?

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಕೊಳವೆಬಾವಿಗೆ ಬಿದ್ದುಬಿಟ್ಟಿತು. ಪಕ್ಕದಲ್ಲಿ ಗುಂಡಿ ತೋಡಿ, ಸುಮಾರು 20 ಗಂಟೆ ಹೆಣಗಿ, ರಕ್ಷಣಾ ಪಡೆಯವರು ಮಗುವನ್ನು ಜೀವಂತವಾಗಿ ಹೊರತಂದರು. ನಾಡೆಲ್ಲ ನಿಟ್ಟುಸಿರಿಟ್ಟಿತು. ಆ ಮನೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಪಟ್ಟ ಪಾಡು ಸಾಕು. ಇಂಥ ಘಟನೆ ದೇಶದಲ್ಲಿ ಅದೇ ಮೊದಲನೆಯದೂ ಅಲ್ಲ. ಬಾವಿಯ ಸುತ್ತ ಬೇಲಿ ಹಾಕಬೇಕು, ಬಾಯಿ ಮುಚ್ಚಬೇಕು, ಪಾಳುಬಿದ್ದದ್ದನ್ನು ತುಂಬಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲಿಯೇ ವಿಧಿಸಿತ್ತು.

‘ಬಿದ್ದುಬಿಟ್ಟಿತು’ ಎಂಬುದು ಸತ್ಯವಾದ ಮಾತೇ. ಆದರೆ ಇಂಥ ಪ್ರತಿಯೊಂದು ‘ಬಿದ್ದುಬಿಟ್ಟಿತು’ವಿನ ಹಿಂದೆ ‘ತೆರೆದು ಬಿಟ್ಟರು’ ಎಂಬ ಇನ್ನೊಂದು ವಾಕ್ಯವಿದೆ. ಎರಡರಲ್ಲೂ ಇರುವುದು ಒಂದೇ ‘ಬಿಡು’. ಮೊದಲನೆಯದರಲ್ಲಿ ಅದು ಅಸಹಾಯಕತೆ. ಎರಡನೆಯದರಲ್ಲಿ ಮಾಡಬಹುದಾಗಿದ್ದ ಕೆಲಸವನ್ನು ಕೈಬಿಟ್ಟ ಕರ್ತೃ. ಆ ಕರ್ತೃ ಒಬ್ಬನಲ್ಲ: ಕೊರೆದವರು, ಕೊರೆಸಿದವರು, ವಿಚಾರಿಸಬೇಕಾದ ಅಧಿಕಾರಿಗಳು, ದಾರಿಯಲ್ಲಿ ಕಂಡೂ ಸುಮ್ಮನೆ ಹೋದವರು.

ಹಾಗೆಂದು ‘ಹೋಯಿತು’, ‘ಬಿಟ್ಟಿತು’ಗಳನ್ನು ಭಾಷೆಯಿಂದ ಕಿತ್ತುಹಾಕಬೇಕೆ? ಖಂಡಿತ ಬೇಡ. ಕೂಸಿನ ಕೈಯಿಂದ ಬಟ್ಟಲು ಜಾರಿದಾಗ ‘ಬಿದ್ದುಹೋಯಿತು, ಬಿಡಪ್ಪಾ’ ಎನ್ನುವ ತಾಯಿಯ ಮಾತಿನಲ್ಲಿ ಕ್ಷಮೆಯಿದೆ. ಪರರ ತಪ್ಪಿಗೆ ಅದು ದಯೆ. ಮೊದಲೇ ತಡೆಯಬಹುದಾಗಿದ್ದ ನಮ್ಮ ಅಲಕ್ಷ್ಯಕ್ಕೆ ಅದನ್ನೇ ಹೊದಿಸಿದರೆ ನುಣುಚಿಕೊಳ್ಳುವ ಉಪಾಯ.

ಮಗುವನ್ನು ‘ಉಳಿಸಿಕೊಟ್ಟರು’ ಎನ್ನುವಾಗ ಯಾರು ಉಳಿಸಿಕೊಟ್ಟರೆಂದು ನಾವು ಮರೆಯದೆ ಹೇಳುತ್ತೇವೆ. ‘ಬಿಟ್ಟರು’ ಎನ್ನುವಾಗಲೂ ಅಷ್ಟೇ ನಿಷ್ಠೆಯಿಂದ ಕರ್ತೃಪದವನ್ನು ಹುಡುಕಬೇಕು. ಹುಡುಕುತ್ತ ಹೋದರೆ ಎಷ್ಟೋ ಸಲ ಅದು ‘ನಾವು’ ಎಂದೇ ಆಗಿರುತ್ತದೆ.