ಉತ್ತೇಜಕವೂ ಮಂಪರೂ

ಎಚ್ಚರ ತರುವುದೆಂದು ಪ್ರಸಿದ್ಧವಾದ ಪದಾರ್ಥವನ್ನು ಸೇವಿಸಿದವನಿಗೆ ಮಂಪರು ಕವಿದರೆ, ಅದರಿಂದ ಆ ವ್ಯಕ್ತಿಯ ವಿಷಯವಾಗಿ ನಾವು ಏನನ್ನು ತಿಳಿದಂತಾಯಿತು? ಮೇಲುನೋಟಕ್ಕೆ ಇದು ವೈದ್ಯಶಾಸ್ತ್ರದ ಪ್ರಶ್ನೆ. ಆದರೆ ಇದರ ಉತ್ತರವನ್ನು ಆಧಾರವಾಗಿ ಹಿಡಿದು ಮನೆಗಳಲ್ಲಿ ಮಕ್ಕಳ ಸ್ವಭಾವದ ಮೇಲೆ ತೀರ್ಪು ಕೊಡುವುದುಂಟಾದ್ದರಿಂದ ಇದು ನೀತಿಯ ಪ್ರಶ್ನೆಯೂ ಆಗಿದೆ.

ಮನಸ್ಸನ್ನು ಒಂದೆಡೆ ನಿಲ್ಲಿಸಲಾಗದ ಅವಸ್ಥೆಗೆ ಅಮೆರಿಕದ ಮನೋವೈದ್ಯರು 1980ರಲ್ಲಿ ಅಟೆನ್ಷನ್ ಡೆಫಿಸಿಟ್ ಡಿಸಾರ್ಡರ್, ಸಂಕ್ಷೇಪವಾಗಿ ಎಡಿಡಿ, ಎಂಬ ಹೆಸರನ್ನಿತ್ತರು. 1987ರಲ್ಲಿ ಆ ಹೆಸರಿಗೆ ಅತಿಚಟುವಟಿಕೆಯೂ ಸೇರಿ ಎಡಿಎಚ್‌ಡಿ ಆಯಿತು. ನಾವು ಇದನ್ನು ಅವಧಾನದ ಕೊರತೆ ಎನ್ನೋಣ. ಈ ಕೊರತೆಯುಳ್ಳ ಕೆಲವರು ಕೆಫೀನ್ ಮಾತ್ರೆಯನ್ನೋ, ಗ್ವಾರಾನಾ ಬೀಜದ ಪುಡಿಯನ್ನೋ, ಗಟ್ಟಿಯಾದ ಕಾಫಿಯನ್ನೋ ತೆಗೆದುಕೊಂಡಾಗ ಚುರುಕಾಗುವ ಬದಲು ಆಕಳಿಸತೊಡಗುತ್ತಾರೆ. ಆಗ ನೋಡುವವರ ಬಾಯಿಂದ ಎರಡು ಮಾತುಗಳು ಹೊರಡುತ್ತವೆ. 'ಉತ್ತೇಜಕದಿಂದ ನಿದ್ರೆ ಬಂತು, ಆದ್ದರಿಂದ ಇವನಿಗೆ ಆ ರೋಗವಿದೆ' ಎಂಬುದು ಒಂದು. 'ಇಷ್ಟು ಕೊಟ್ಟರೂ ಏಳದವನು ಸೋಮಾರಿಯಲ್ಲದೆ ಮತ್ತೇನು?' ಎಂಬುದು ಇನ್ನೊಂದು. ಒಂದೇ ಆಕಳಿಕೆಗೆ ಪರಸ್ಪರ ವಿರುದ್ಧವಾದ ಎರಡು ತೀರ್ಪುಗಳು ಹೇಗೆ ಹುಟ್ಟಿದುವೆಂದು ಯಾರೂ ಕೇಳುವುದಿಲ್ಲ.

ಮೊದಲನೆಯ ಮಾತಿಗೆ ಒಂದು ಇತಿಹಾಸವಿದೆ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ವರ್ತನೆಯ ತೊಂದರೆಯುಳ್ಳ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಒಂದು ವಾರ ಕೊಟ್ಟು ನೋಡಿದನು. 14 ಮಕ್ಕಳ ಶಾಲಾಪಾಠ ಆಶ್ಚರ್ಯಪಡುವಷ್ಟು ಸುಧಾರಿಸಿತು. 15 ಮಂದಿಯ ಭಾವಾವೇಶ ಸ್ಪಷ್ಟವಾಗಿ ತಗ್ಗಿತು. ಕೆರಳಿಸಬೇಕಾದ ಔಷಧ ತಣಿಸಿತೆಂಬುದು ಅವನಿಗೇ ವಿಚಿತ್ರವಾಗಿ ಕಂಡಿತು. ಅಲ್ಲಿಂದ ಮುಂದೆ ಉತ್ತೇಜಕದಿಂದ ಶಾಂತನಾಗುವವನ ಮಿದುಳೇ ಬೇರೆ ಬಗೆಯದೆಂಬ ನಂಬಿಕೆ ದಶಕಗಳ ಕಾಲ ನಿಂತಿತು.

ಅದನ್ನು ಅಲುಗಾಡಿಸಿದವರು ಜೂಡಿತ್ ರಪೊಪೋರ್ಟ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು. 1978ರಲ್ಲಿ ಅವರು ಯಾವ ತೊಂದರೆಯೂ ಇಲ್ಲದ 14 ಮಂದಿ ಬಾಲಕರಿಗೆ ಡೆಕ್ಸ್‌ಟ್ರೋ ಆಂಫೆಟಮಿನ್‌ನ ಒಂದೇ ಒಂದು ಪ್ರಮಾಣವನ್ನು ಕೊಟ್ಟು ಪರೀಕ್ಷಿಸಿದರು. ಆ ಬಾಲಕರ ಓಡಾಟವೂ ಕಡಿಮೆಯಾಯಿತು, ಅವಧಾನವೂ ಹೆಚ್ಚಿತು. ಎಂದಮೇಲೆ, ಔಷಧದಿಂದ ಶಾಂತನಾಗುವುದು ರೋಗಕ್ಕೆ ಸಾಕ್ಷಿಯಲ್ಲ. ಆರೋಗ್ಯವಂತನೂ ಹಾಗೆ ಆಗಬಲ್ಲನು. ಇಂದು ಬಲ್ಲ ವೈದ್ಯರಾರೂ ಕಾಫಿ ಕುಡಿಸಿ ಈ ರೋಗವನ್ನು ನಿರ್ಣಯಿಸುವುದಿಲ್ಲ.

ಶಾಂತಿಯೇ ನಿದ್ರೆಯಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕಾಲು ಕುಣಿಸುವುದು, ಎದ್ದು ತಿರುಗುವುದು, ಮಾತಿನ ನಡುವೆ ಮಾತು ತೆಗೆಯುವುದು, ಇವೆಲ್ಲ ಮಂಕಾಗುವ ಮನಸ್ಸು ತನ್ನನ್ನು ತಾನೇ ಎಚ್ಚರವಾಗಿಟ್ಟುಕೊಳ್ಳಲು ಹೂಡುವ ಉಪಾಯವೆಂದು ಕೆಲವು ಸಂಶೋಧಕರು ಭಾವಿಸುತ್ತಾರೆ. ವೈದ್ಯರು ಕೊಡುವ ಔಷಧಗಳು ಮಿದುಳಿನ ಮುಂಭಾಗದಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳ ಪ್ರಭಾವವನ್ನು ಹೆಚ್ಚಿಸುತ್ತವೆ. ಆಗ ಆ ಉಪಾಯದ ಅವಶ್ಯಕತೆ ತಗ್ಗುತ್ತದೆ. ಅವಧಾನದ ಕೊರತೆಯುಳ್ಳ ಅನೇಕರಿಗೆ ರಾತ್ರಿ ತಡವಾಗಿಯೇ ನಿದ್ರೆ ಹತ್ತುತ್ತದೆ. ಹಗಲಿನ ಚಡಪಡಿಕೆ ಮುಚ್ಚಿಟ್ಟಿದ್ದ ಆ ಬಾಕಿ ನಿದ್ರೆ, ಚಡಪಡಿಕೆ ನಿಂತೊಡನೆ ಮೇಲೆದ್ದು ಕಾಣಿಸಬಹುದು.

ಕೆಫೀನಿನ ದಾರಿ ಬೇರೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗಿ ನಿದ್ರೆಯನ್ನು ಕರೆಯುತ್ತದೆ. ಅದು ಬಂದು ಕೂರಬೇಕಾದ ಸ್ಥಾನಗಳಲ್ಲಿ ಕೆಫೀನು ತಾನೇ ಕುಳಿತು ಅದನ್ನು ಹೊರಗೆ ನಿಲ್ಲಿಸುತ್ತದೆ. ವರ್ತಕನಾದ ನನಗೆ ಇದು ಸಾಲ ತೀರಿಸಿದಂತೆ ಕಾಣುವುದಿಲ್ಲ, ಸಾಲಗಾರನನ್ನು ಬಾಗಿಲಲ್ಲೇ ತಡೆದಂತೆ ಕಾಣುತ್ತದೆ. ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಭಾಗ ಕರಗಲು ವಯಸ್ಕರಲ್ಲಿ ಸುಮಾರು 5 ಗಂಟೆ ಬೇಕು. ಧೂಮಪಾನಿಗಳಲ್ಲಿ ಬೇಗ, ಗರ್ಭಿಣಿಯರಲ್ಲಿ ಬಹಳ ನಿಧಾನ. ಅದು ಕರಗುತ್ತ ಬಂದಂತೆ ಬಾಗಿಲಲ್ಲಿ ನಿಂತವನು ಒಳಗೆ ಬರುತ್ತಾನೆ. ಸಂಜೆಯ ಕಾಫಿಯಿಂದ ರಾತ್ರಿಯ ನಿದ್ರೆ ಕೆಟ್ಟಿದ್ದರಂತೂ ಮರುದಿನ ಬಾಕಿ ಇನ್ನೂ ಬೆಳೆದಿರುತ್ತದೆ. ದಿನವೂ ಸೇವಿಸುವವನ ಶರೀರ ಅದಕ್ಕೆ ಒಗ್ಗಿಹೋಗುವುದೂ ಉಂಟು. ಹೀಗೆ ಒಂದು ಆಕಳಿಕೆಯ ಹಿಂದೆ ಹಲವು ಕಾರಣಗಳಿರಬಹುದು, ಅವುಗಳಲ್ಲಿ ಯಾವುದೂ ಆ ವ್ಯಕ್ತಿಯ ಶೀಲಕ್ಕೆ ಸಂಬಂಧಿಸಿದ್ದಲ್ಲ.

ಅಲಕ್ಷ್ಯವನ್ನು ಪ್ರಮಾದವೆಂದು ಎಣಿಸಿ ಅದರ ವಿಷಯದಲ್ಲಿ ಸದಾ ಎಚ್ಚರ ವಹಿಸುವ ಮನೆತನಗಳಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ತನ್ನಿಂದ ಸಾಧ್ಯವಿದ್ದೂ ಗಮನ ಕೊಡದವನನ್ನು ಪ್ರಶ್ನಿಸುವುದು ನ್ಯಾಯ. ಕೊಡಲೆಳಸಿಯೂ ಕೊಡಲಾರದವನ ಮೇಲೆ ಅದೇ ದೋಷವನ್ನು ಹೊರಿಸಿದರೆ, ದೋಷ ಹೊರಿಸಿದವನೇ ವಿಚಾರವಿಲ್ಲದೆ ನಡೆದಂತಾಗುತ್ತದೆ. ಹಾಗೆಂದು ರೋಗದ ಹೆಸರನ್ನು ಎಲ್ಲಕ್ಕೂ ರಕ್ಷೆಯಾಗಿ ಹಿಡಿಯುವುದನ್ನೂ ನಾನು ಒಪ್ಪೆ. ಕೊರತೆಯುಳ್ಳವನಿಗೂ ತಾನು ಮಾಡಬಲ್ಲ ಕೆಲಸಗಳುಂಟು, ಅವುಗಳ ಹೊಣೆಯೂ ಉಂಟು. ಎಲ್ಲಿಯವರೆಗೆ ಬಲ್ಲನು ಎಂಬುದನ್ನು ತಾಳ್ಮೆಯಿಂದ ನೋಡಿ ತಿಳಿಯಬೇಕಲ್ಲದೆ ಒಂದು ಲೋಟ ಕಾಫಿಯಿಂದ ಅಳೆಯಲಾಗದು.

ಮಾರುವವರ ಪಾಲೂ ಇದರಲ್ಲಿದೆ. ಅಮೆರಿಕದ 1994ರ ಕಾಯಿದೆಯಂತೆ ಪೂರಕ ಪದಾರ್ಥಗಳನ್ನು ಮಾರುಕಟ್ಟೆಗೆ ಇಳಿಸುವ ಮುನ್ನ, ಅವು ಗುಣಕಾರಿಯೆಂದು ಸರಕಾರಕ್ಕೆ ಸಿದ್ಧಪಡಿಸಿ ತೋರಿಸಬೇಕಾಗಿಲ್ಲ. ಎಫೆಡ್ರಾ ಎಂಬ ಗಿಡದ ಉತ್ತೇಜಕ ಸಾರವುಳ್ಳ ಪೂರಕಗಳು ಅಲ್ಲಿ ವರ್ಷಗಟ್ಟಲೆ ಮಾರಾಟವಾಗಿ, ಹೃದಯಕ್ಕೆ ಅಪಾಯವೆಂದು 2004ರಲ್ಲಷ್ಟೇ ನಿಷೇಧಕ್ಕೊಳಗಾದವು. ನಮ್ಮ ದೇಶದಲ್ಲಿ ಕೆಫೀನ್ ಪಾನೀಯಗಳಿಗೆ ಲೀಟರಿಗೆ 300 ಮಿಲಿಗ್ರಾಂ ಎಂಬ ಮೇಲ್ಮಿತಿಯಿದೆ. ಮಕ್ಕಳಿಗೆ ತಕ್ಕುದಲ್ಲವೆಂದು ಡಬ್ಬಿಯ ಮೇಲೆ ಅಚ್ಚು ಹಾಕಬೇಕು. ಆ ಅಕ್ಷರಗಳು ಎಷ್ಟು ಸಣ್ಣವೆಂಬುದನ್ನು ಅಂಗಡಿಯಲ್ಲಿ ಕುಳಿತವನು ಬಲ್ಲ. ಗ್ವಾರಾನಾ ಎಂದು ಬರೆದಲ್ಲಿ ಒಳಗಿರುವುದು ಕೆಫೀನೇ ಎಂದು ಕೊಳ್ಳುವವನಿಗೆ ಬಾಯಿಬಿಟ್ಟು ಹೇಳಿದರೆ ವ್ಯಾಪಾರ ಒಂದಿಷ್ಟು ತಪ್ಪೀತು, ತಪ್ಪಲಿ.

ಮನೆಯಲ್ಲಿ ಯಾರಿಗಾದರೂ ಹೀಗೆ ಮಂಪರು ಬರುತ್ತಿದ್ದರೆ ಪ್ರಮಾಣವನ್ನು ಹೆಚ್ಚಿಸಿ ನೋಡುವ ಸಾಹಸ ಬೇಡ. ಏನನ್ನು, ಎಷ್ಟು ಗಂಟೆಗೆ ಸೇವಿಸಿದರು, ಮಂಪರು ಯಾವಾಗ ಬಂತು, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು ಎಂಬುದನ್ನು ಎರಡು ವಾರ ಬರೆದಿಟ್ಟು ವೈದ್ಯರ ಮುಂದಿಡಬಹುದು. ವೈದ್ಯರೇ ಕೊಟ್ಟ ಔಷಧದಿಂದ ಹಾಗಾಗುತ್ತಿದ್ದರೆ, ಪ್ರಮಾಣವನ್ನೋ ಔಷಧವನ್ನೋ ಬದಲಿಸುವುದು ಅವರ ಕೈಯಲ್ಲಿದೆ.