ಶುಕ್ರವಾರದ ದುವಾ



ಬೆಂಗಳೂರಿನ ತಿಲಕನಗರ, ಗುರಪ್ಪನಪಾಳ್ಯ, ಬಿ.ಟಿ.ಎಂ. ಲೇಔಟ್ ಕಡೆಯಿಂದ ಗುರುವಾರ ರಾತ್ರಿಯೇ ಹೊರಟು ಬರುವವರು ಇದ್ದಾರೆ. ಕಛೇರಿಯಲ್ಲಿ ಅವರು ಕೇಳೋದು ಒಂದೇ ಮಾತು: "ಸಾಹೇಬ್ರೇ, ಶುಕ್ರವಾರ ಎಷ್ಟು ಗಂಟೆಗೆ ದುವಾ ಮಾಡಿದ್ರೆ ಕಬೂಲ್ ಆಗುತ್ತೆ?"

ಅಂಥ ಒಂದು ಗಳಿಗೆ ಶುಕ್ರವಾರದಲ್ಲಿ ಇದೆ ಎಂದು ಪ್ರವಾದಿ ಮುಹಮ್ಮದರು (ಸ) ಹೇಳಿದ್ದು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಗ್ರಂಥಗಳಲ್ಲಿ ಬಂದಿದೆ. ಅದು ಬಹಳ ಚಿಕ್ಕದು ಎಂದು ಕೈಸನ್ನೆಯಲ್ಲೇ ತೋರಿಸಿದರಂತೆ. ಇಮಾಮರು ಮಿಂಬರಿನ ಮೇಲೆ ಕುಳಿತಾಗಿನಿಂದ ನಮಾಜ್ ಮುಗಿಯುವವರೆಗೆ ಎಂದು ಕೆಲವು ವಿದ್ವಾಂಸರು, ಅಸರ್ ನಂತರ ಸೂರ್ಯ ಮುಳುಗುವ ಮುಂಚಿನ ಹೊತ್ತು ಎಂದು ಇನ್ನು ಕೆಲವರು. ಗಡಿಯಾರಕ್ಕೆ ಸಿಗದ ಹಾಗೆ ಇಟ್ಟಿರೋದು ದಿನಪೂರ್ತಿ ಮನಸ್ಸು ಎಚ್ಚರವಾಗಿರಲಿ ಅಂತ.

ಗಳಿಗೆಗಿಂತ ಮುಖ್ಯ ಇನ್ನೊಂದಿದೆ. ಮುಸ್ಲಿಂ ಗ್ರಂಥದ ಒಂದು ಹದೀಸಿನಲ್ಲಿ ದೂರ ಪ್ರಯಾಣ ಮಾಡಿದ ಒಬ್ಬನ ಮಾತು ಬರುತ್ತದೆ. ತಲೆ ಕೆದರಿದೆ, ಮೈಯೆಲ್ಲಾ ಧೂಳು. ಆಕಾಶಕ್ಕೆ ಕೈಯೆತ್ತಿ ದೇವರನ್ನು ಕರೆಯುತ್ತಾನೆ. ಆದರೆ ಅವನು ಉಣ್ಣುವುದೂ ಹರಾಮ್, ಉಡುವುದೂ ಹರಾಮ್. ಅವನ ದುವಾ ಹೇಗೆ ಕಬೂಲ್ ಆದೀತು ಎಂದು ಪ್ರವಾದಿಯವರು ಕೇಳುತ್ತಾರೆ.

ಆ ಪ್ರಶ್ನೆ ನಮಗೂ ಇದೆ. ಕೂಲಿಯವನ ಬಟವಾಡೆ ಹಿಡಿದಿಟ್ಟು, ತಂಗಿಯ ಪಾಲು ಕೊಡದೆ, ತಕ್ಕಡಿಯಲ್ಲಿ ಕಡಿಮೆ ತೂಗಿ ಎಷ್ಟು ಮೆಟ್ಟಿಲು ಹತ್ತಿದರೇನು? ಕೊಡಬೇಕಾದ್ದು ಕೊಟ್ಟು ಬನ್ನಿ. ಈಗ ಕೈಯಲ್ಲಿ ಇಲ್ಲದಿದ್ದರೆ, ಇಂಥ ದಿನ ಕೊಡ್ತೀನಿ ಅಂತ ಅವರಿಗೆ ಫೋನ್ ಮಾಡಿ ಹೇಳಿ. ಆಮೇಲೆ ಕೈಯೆತ್ತಿ.

ಕುರಾನಿನ 62ನೇ ಅಧ್ಯಾಯದ ಹೆಸರೇ ಅಲ್-ಜುಮುಅ. ಶುಕ್ರವಾರ ನಮಾಜಿಗೆ ಕರೆ ಬಂದಾಗ ವ್ಯಾಪಾರ ಬಿಡಬೇಕು, ನಮಾಜ್ ಮುಗಿದ ಮೇಲೆ ಹೊರಟು ಜೀವನೋಪಾಯ ಹುಡುಕಬೇಕು ಎಂಬ ಅಪ್ಪಣೆ ಅದರ 9, 10ನೇ ವಚನಗಳಲ್ಲಿದೆ. ಅಂಗಡಿಯವರು ಶಟರ್ ಎಳೆದು ಮಸೀದಿಗೆ ಹೋಗ್ತಾರೆ, ವಾಪಸ್ ಬಂದು ಶಟರ್ ಎತ್ತುತ್ತಾರೆ. ಆಗ ತೂಕ ಸರಿ ಇದೆಯಾ, ಮಾತು ಸರಿ ಇದೆಯಾ ಅನ್ನೋದೇ ಜುಮ್ಮಾದ ಫಲ.

ಪ್ರಯಾಣಿಕರಿಗೆ, ಹೆಂಗಸರಿಗೆ, ಕಾಯಿಲೆಯವರಿಗೆ ಜುಮ್ಮಾ ಕಡ್ಡಾಯವಲ್ಲ, ಜುಹರ್ ನಮಾಜ್ ಸಾಕು. ದುವಾಕ್ಕೆ ಮಾತ್ರ ಯಾರಿಗೂ ಅಡ್ಡಿಯಿಲ್ಲ. ಅಡುಗೆಮನೆಯಿಂದಲೂ ಆಸ್ಪತ್ರೆ ಹಾಸಿಗೆಯಿಂದಲೂ ಅಲ್ಲಾಹನು ಕೇಳುತ್ತಾನೆ.

ನಿಮ್ಮ ದುವಾದಲ್ಲಿ ಇಲ್ಲಿಗೆ ಬರಲಾಗದವರ ಹೆಸರೂ ಇರಲಿ. ಎದುರಿಗಿಲ್ಲದ ಸೋದರನಿಗಾಗಿ ಬೇಡಿದರೆ, ದೇವದೂತನು ಆಮೀನ್ ಎಂದು ಹೇಳಿ, ನಿನಗೂ ಅದೇ ಸಿಗಲಿ ಎನ್ನುತ್ತಾನೆಂದು ಹದೀಸಿನಲ್ಲಿದೆ.

ಎಲ್ಲರ ದುವಾ ಕಬೂಲ್ ಆಗಲಿ. ಆಮೀನ್.