ಎರಡು ಪಿಸ್ತೂಲುಗಳ ಮುಂದೆ ಶ್ರಾವಕ

ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಊರಿನಲ್ಲಿ ಪೆಟ್ರೋಲ್ ಬಂಕಿನ ಅಂಗಡಿ ನಡೆಸುವ ಒಬ್ಬ ಜೈನ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಸೂರ್ಯಾಸ್ತಕ್ಕೆ ಮೊದಲೇ ಮನೆಯಲ್ಲಿ ಊಟ ಮುಗಿಸಿ ಮತ್ತೆ ಅಂಗಡಿಗೆ ಬಂದು, ರಾತ್ರಿ ಹನ್ನೊಂದಕ್ಕೆ ದಿನದ ಹಣವನ್ನು ಚೀಲದಲ್ಲಿಟ್ಟುಕೊಂಡು ಕಾರಿನವರೆಗೆ ಒಬ್ಬನೇ ನಡೆದುಹೋಗುವವನು ಆತ. ಪಕ್ಕದ ಬೀದಿಯ ಅಂಗಡಿಯಲ್ಲಿ ದರೋಡೆಯಾಗಿದೆ, ಮನೆಯವರು ಭಯಗೊಂಡಿದ್ದಾರೆ. ಇಪ್ಪತ್ತೊಂದು ವರ್ಷ ತುಂಬಿದ, ಕಾನೂನಿನ ಬೇರಾವ ನಿರ್ಬಂಧವೂ ಇಲ್ಲದ ವ್ಯಕ್ತಿ ಪರವಾನಗಿ ಪಡೆಯದೆಯೇ ಕೈಕೋವಿಯನ್ನು ಧರಿಸಿ ಓಡಾಡಲು ಆ ರಾಜ್ಯವು 2021ರ ಸೆಪ್ಟೆಂಬರ್ 1ರಿಂದ ಅನುಮತಿ ನೀಡಿದೆ. ಆಯುಧದ ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತ ಆ ಗೃಹಸ್ಥನು ಕೇಳುವ ಪ್ರಶ್ನೆ ‘ಕೊಳ್ಳಬೇಕೋ ಬೇಡವೋ’ ಎಂಬುದಲ್ಲ. ‘ಈ ಎರಡರಲ್ಲಿ ಯಾವುದು’ ಎಂಬುದು.

ಒಂದು ಆಸ್ಟ್ರಿಯ ದೇಶದ ಗ್ಲಾಕ್ 19. 1988ರಲ್ಲಿ ಮಾರುಕಟ್ಟೆಗೆ ಬಂದ ಈ ಪಿಸ್ತೂಲಿನಲ್ಲಿ 9 ಮಿಲಿಮೀಟರಿನ 15 ಗುಂಡುಗಳು ಹಿಡಿಯುತ್ತವೆ. ಗುಂಡಿಲ್ಲದೆ ಅದರ ತೂಕ 600 ಗ್ರಾಮಿಗೂ ಮೇಲು. ನಳಿಕೆ ಸುಮಾರು 10 ಸೆಂಟಿಮೀಟರು. ಇನ್ನೊಂದು 2018ರಲ್ಲಿ ಬಂದ ಸಿಗ್ ಸವರ್ ಪಿ 365. ಅದೇ 9 ಮಿಲಿಮೀಟರಿನ ಗುಂಡು, ಆದರೆ ಹಿಡಿಯುವುದು 10. ತೂಕ ಸುಮಾರು 500 ಗ್ರಾಂ. ನಳಿಕೆ 8 ಸೆಂಟಿಮೀಟರಿಗಿಂತ ತುಸು ಕಡಿಮೆ. ಎರಡನ್ನೂ ಅಂಗಿಯ ಕೆಳಗೆ ಮರೆಮಾಡಬಹುದು, ಎರಡನೆಯದನ್ನು ಬಹು ಸುಲಭವಾಗಿ. ಆದರೆ ಹಗುರವಾದ ಆಯುಧವು ಗುಂಡು ಹಾರಿದಾಗ ಕೈಯನ್ನು ಹೆಚ್ಚು ಜೋರಾಗಿ ಒದೆಯುತ್ತದೆ. ಮುಂದಿನ ಹಾಗೂ ಹಿಂದಿನ ಗುರಿಗುರುತುಗಳ ನಡುವಣ ಅಂತರವೂ ಅದರಲ್ಲಿ ಕಿರಿದು. ಆದುದರಿಂದ ಕೈ ಕೊಂಚ ಅಲುಗಿದರೂ ಗುರಿ ಬಹಳ ತಪ್ಪುತ್ತದೆ. ದೊಡ್ಡದು ಹಿಡಿತಕ್ಕೆ ಒಗ್ಗುತ್ತದೆ, ಸೊಂಟಕ್ಕೆ ಒಗ್ಗುವುದಿಲ್ಲ. ಚಿಕ್ಕದು ಸೊಂಟಕ್ಕೆ ಒಗ್ಗುತ್ತದೆ, ಹಿಡಿತಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ಇದು ಕೇವಲ ಅನುಕೂಲದ ವಿಚಾರ, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರಿಗಾದರೂ ತೋರಬಹುದು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವಕ್ಕೆ ಆಧಾರವಾಗುವ ನೂರೆಂಟು ಬಗೆಗಳನ್ನು ವಿಂಗಡಿಸುವಾಗ ಇಂಥ ಕ್ಷಣವನ್ನು ಬಿಟ್ಟಿಲ್ಲ. ಮಾಡಬೇಕೆಂಬ ಸಂಕಲ್ಪ ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಹಾಕುವುದು ಸಮಾರಂಭ. ಕ್ರಿಯೆಗೆ ತೊಡಗುವುದು ಆರಂಭ. ಇವು ಮೂರೂ ಮನ, ವಚನ, ಕಾಯಗಳಿಂದ. ತಾನೇ ಮಾಡಿ, ಮಾಡಿಸಿ, ಅನುಮೋದಿಸಿ. ಕ್ರೋಧ, ಮಾನ, ಮಾಯೆ, ಲೋಭಗಳ ವಶನಾಗಿ. ಗುಣಿಸಿದರೆ ನೂರೆಂಟು. ಜಪಮಾಲೆಯ ಮಣಿಗಳೂ ಅಷ್ಟೇ ಎಂಬುದನ್ನು ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದಾರೆ. ಗಾಜಿನ ಕಪಾಟಿನ ಮುಂದೆ ನಿಂತವನು ಎರಡನೆಯ ಮೆಟ್ಟಿಲಿನಲ್ಲಿದ್ದಾನೆ. ಮೊದಲನೆಯದನ್ನು ಎಂದು ದಾಟಿದನೆಂಬುದು ಅವನಿಗೇ ನೆನಪಿಲ್ಲ.

ಶ್ರಾವಕನಿಗೆ ಆಯುಧವೇ ವರ್ಜ್ಯವೆಂದು ಹೇಳಿಬಿಡುವುದು ಸುಲಭ, ಆದರೆ ಅದು ನಿಜವಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಅಣುವ್ರತಿಯು ಸಂಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಮೇಲೆರಗಿದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯು ಪಾಪರಹಿತವಲ್ಲದಿದ್ದರೂ ಗೃಹಸ್ಥನ ವ್ರತವನ್ನು ಮುರಿಯುವುದಿಲ್ಲ. ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಗಳು, ರಣದಲ್ಲಿ ಶಸ್ತ್ರ ಹಿಡಿದು ಬಂದವನ ಮೇಲೆಯೂ ದೇಶಕಂಟಕನ ಮೇಲೆಯೂ ಅರಸನ ಆಯುಧ ಎದ್ದೀತೇ ಹೊರತು ದೀನರ ಮೇಲಲ್ಲ ಎಂಬ ಆಶಯವನ್ನು ಅಲ್ಲಿ ಸ್ಪಷ್ಟಪಡಿಸಿದ್ದಾರೆ. ಈ ಪರಂಪರೆಯ ಬಲದ ಮೇಲೆ ಅಂಗಡಿಯ ಗೃಹಸ್ಥನು ತನ್ನ ಪಿಸ್ತೂಲನ್ನು ಸಮರ್ಥಿಸಿಕೊಳ್ಳಬಹುದೇ?

ಇಲ್ಲಿ ಎರಡು ತೊಡಕುಗಳಿವೆ. ದಂಡನಾಯಕನ ಕತ್ತಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಂಡವನು ದೂರ ಸರಿಯಲು ಅವಕಾಶವಿತ್ತು. ಅಂಗಿಯ ಕೆಳಗಿನ ಆಯುಧ ಯಾರನ್ನೂ ಎಚ್ಚರಿಸುವುದಿಲ್ಲ. ಇದು ಮಾಯಾಕಷಾಯವೆಂದು ಕೆಲವರು ಹೇಳಿದರೆ, ತೋರಿಸಿಕೊಂಡು ತಿರುಗಿದರೆ ಅಂಗಡಿಗೆ ಬರುವ ಮಕ್ಕಳು ಹೆದರುತ್ತಾರೆ, ಮರೆಮಾಡುವುದೇ ದಯೆ ಎಂದು ಉತ್ತರ ಬರುತ್ತದೆ. ಈ ಉತ್ತರದಲ್ಲಿ ಸತ್ಯಾಂಶವಿದೆಯೆಂದು ಒಪ್ಪಬೇಕು. ಮಾನವೂ ಒಂದು ಕಷಾಯವೇ ಅಲ್ಲವೇ? ಸೊಂಟದ ಮೇಲೆ ಪ್ರದರ್ಶಿಸಿದ ಆಯುಧದಲ್ಲಿ ಅದು ಧಾರಾಳವಾಗಿ ಇರುತ್ತದೆ. ಎರಡನೆಯ ತೊಡಕು ಹೆಚ್ಚು ಆಳವಾದುದು. ರಕ್ಷಿಸಬೇಕಾದುದು ಪ್ರಾಣವೋ, ಹಣದ ಚೀಲವೋ? ಟೆಕ್ಸಾಸಿನ ದಂಡಸಂಹಿತೆಯ 9.42ನೆಯ ಕಲಮು ಕೆಲವು ನಿಬಂಧನೆಗಳಿಗೆ ಒಳಪಟ್ಟು ಆಸ್ತಿಯ ರಕ್ಷಣೆಗಾಗಿಯೂ, ಕದ್ದು ಓಡುತ್ತಿರುವವನ ಮೇಲೂ ಪ್ರಾಣಾಂತಿಕ ಬಲಪ್ರಯೋಗಕ್ಕೆ ಎಡೆಗೊಡುತ್ತದೆ. ಚೀಲದೊಂದಿಗೆ ಓಡುವವನ ಬೆನ್ನಿಗೆ ಗುಂಡು ಹಾರಿಸಿದರೆ ನ್ಯಾಯಾಲಯ ಕ್ಷಮಿಸಬಹುದು. ಅದು ವಿರೋಧೀ ಹಿಂಸೆಯೆಂದು ಯಾವ ಆಚಾರ್ಯರೂ ಒಪ್ಪಲಾರರು. ಪರಿಗ್ರಹಪರಿಮಾಣವ್ರತವನ್ನು ಕೈಗೊಂಡವನು ಚೀಲವನ್ನು ಕೊಟ್ಟುಬಿಡುವುದಾಗಿ ಮೊದಲೇ ನಿಶ್ಚಯಿಸಿಕೊಳ್ಳದೆ ಸೊಂಟಕ್ಕೆ ಆಯುಧ ಸಿಕ್ಕಿಸಿದರೆ, ಆ ನಿಶ್ಚಯವನ್ನು ಕತ್ತಲಲ್ಲಿ ಭಯವು ಅವನ ಪರವಾಗಿ ಮಾಡುತ್ತದೆ.

ಆಯ್ಕೆಯ ಪ್ರಶ್ನೆ ಮತ್ತೆ ಇಲ್ಲಿಗೇ ಬರುತ್ತದೆ. ಚಿಕ್ಕ ಪಿಸ್ತೂಲನ್ನು ಬಲ್ಲವರು ಅದಕ್ಕೆ ಕೊಡುವ ದೊಡ್ಡ ಪ್ರಶಂಸೆ, ಧರಿಸಿದವನಿಗೆ ಅದು ಇರುವುದೇ ಮರೆತುಹೋಗುತ್ತದೆ ಎಂಬುದು. ವ್ಯಾಪಾರದಲ್ಲಿ ಇದು ಗುಣ. ಆದರೆ ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಹಾನಿಯಾಗುವುದನ್ನೇ ಹಿಂಸೆಯೆಂದು ನಿರೂಪಿಸಿದ ಶಾಸ್ತ್ರದಲ್ಲಿ ಇದಕ್ಕೆ ಬೇರೆಯೇ ಹೆಸರಿದೆ. ಕೊಲ್ಲುವ ಶಕ್ತಿಯನ್ನು ಸೊಂಟದಲ್ಲಿಟ್ಟುಕೊಂಡು ಅದನ್ನು ಮರೆಯುವುದು ಪ್ರಮಾದವಲ್ಲದೆ ಮತ್ತೇನು? ಕೊಳ್ಳಲೇಬೇಕೆಂಬುದಾದರೆ, ಕೂತಾಗಲೆಲ್ಲ ಒತ್ತುವ, ಬಗ್ಗಿದಾಗಲೆಲ್ಲ ಚುಚ್ಚುವ, ಬಿಟ್ಟೇ ಹೋಗೋಣವೆನ್ನಿಸುವ ದೊಡ್ಡದೇ ಲೇಸು. ಗುರಿ ತಪ್ಪಿ ದಾರಿಹೋಕನಿಗೆ ತಗಲುವ ಸಂಭವವೂ ಅದರಲ್ಲಿ ಕಡಿಮೆ. ಗ್ಲಾಕಿನ ಒಳಗೆ ಮೂರು ಸುರಕ್ಷಾವ್ಯವಸ್ಥೆಗಳಿದ್ದರೂ ಟ್ರಿಗರನ್ನು ಎಳೆದೊಡನೆ ಮೂರೂ ಸರಿದುಬಿಡುತ್ತವೆ. ಒರೆಗೆ ತುರುಕುವಾಗ ಅಂಗಿಯ ಚುಂಗು ಸಿಕ್ಕಿ ಟ್ರಿಗರನ್ನು ಎಳೆದರೂ ಅಷ್ಟೇ. ಪಿ 365ರಲ್ಲಿ ಹೆಬ್ಬೆರಳಿನಿಂದ ಸರಿಸುವ ಸುರಕ್ಷಾ ಕೀಲುಳ್ಳ ಮಾದರಿಯೂ ಸಿಗುತ್ತದೆ. ಆ ಕೀಲು ಅರ್ಧ ಕ್ಷಣವನ್ನು ವ್ಯರ್ಥಗೊಳಿಸುತ್ತದೆಂದು ಹಲವರು ಅದನ್ನು ದೂರುತ್ತಾರೆ. ಶ್ರಾವಕನಿಗೆ ಆ ಅರ್ಧ ಕ್ಷಣವೇ ಬೇಕಾದುದು.

ಗುಂಡಿನ ಆಯ್ಕೆಯಲ್ಲಿಯೂ ವಿಚಿತ್ರವಾದ ಇಕ್ಕಟ್ಟಿದೆ. ತುದಿ ಟೊಳ್ಳಾಗಿರುವ ಗುಂಡು ದೇಹದೊಳಗೆ ಅರಳಿ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಹಿಂದಿರುವ ನಿರಪರಾಧಿಗೆ ತಗಲುವ ಅಪಾಯ ತಗ್ಗುತ್ತದೆ. ತಗುಲಿದವನ ಗಾಯ ಮಾತ್ರ ಘೋರವಾಗುತ್ತದೆ. ಹೀಗೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಘೋಷಿಸಿದವು. ಅವುಗಳಿಗೆ ಅಂಟಿಕೊಂಡ ‘ದಮ್‌ದಮ್’ ಎಂಬ ಹೆಸರು ಕಲ್ಕತ್ತದ ಬಳಿಯ ಕಾರ್ಖಾನೆಯಿಂದ ಬಂದುದು. ಸೈನಿಕನಿಗೆ ನಿಷಿದ್ಧವಾದುದು ಅಮೆರಿಕದ ಅಂಗಡಿಕಾರನಿಗೆ ಸಹಜವಾದ ಆಯ್ಕೆಯಾಗಿದೆ.

ತತ್ತ್ವಾರ್ಥಸೂತ್ರವು ಅಜೀವಾಧಿಕರಣಗಳಲ್ಲಿ ನಿಕ್ಷೇಪವನ್ನೂ ಹೇಳುತ್ತದೆ: ನೋಡದೆ, ಶೋಧಿಸದೆ, ಅವಸರದಲ್ಲಿ, ಲಕ್ಷ್ಯವಿಲ್ಲದೆ ವಸ್ತುವನ್ನು ಇಡುವುದು. ನೆಲದ ಮೇಲೆ ಕಮಂಡಲುವನ್ನಿಡುವ ಮುನಿಯು ಪಿಂಛಿಯಿಂದ ಆ ಸ್ಥಳವನ್ನು ಸವರುವುದನ್ನು ಕಂಡವರಿಗೆ ಇದು ಹೊಸತಲ್ಲ. ರಾತ್ರಿ ಹನ್ನೊಂದೂವರೆಗೆ ಸೊಂಟದಿಂದ ಬಿಚ್ಚಿದ ಪಿಸ್ತೂಲು ಎಲ್ಲಿ ಇಡಲ್ಪಡುತ್ತದೆ? ಕಾರಿನ ಮುಂಗಂಡಿಯಲ್ಲೋ, ದಿಂಬಿನ ಬದಿಯಲ್ಲೋ, ಮೊಮ್ಮಗಳ ಕೈಗೆಟಕುವ ಮೇಜಿನಲ್ಲೋ? ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತ 48,830 ಮಂದಿಯಲ್ಲಿ 26,328 ಮಂದಿಯದು ಆತ್ಮಹತ್ಯೆ. ಹೊರಗಿನ ಕಳ್ಳನಿಗಾಗಿ ತಂದ ಆಯುಧವು ಒಳಗಿನ ದುಃಖಿಯ ಕೈಗೆ ಸಿಗುವ ಭಯ ಸಣ್ಣದಲ್ಲ. ಪರದೇಶದಲ್ಲಿ ಓದಿನ ಒತ್ತಡದಲ್ಲಿರುವ ಮಗನಿರುವ ಮನೆಯಲ್ಲಿ, ಯಾವ ಪಿಸ್ತೂಲೆಂದು ವಿಚಾರಿಸುವುದಕ್ಕೆ ಮೊದಲು ಯಾವ ಬೀಗದ ಪೆಟ್ಟಿಗೆಯೆಂದು ವಿಚಾರಿಸಬೇಕು.

ಇಷ್ಟಾದರೂ ಎದುರುಪಕ್ಷವನ್ನು ತಳ್ಳಿಹಾಕಲಾಗದು. 2019ರ ಡಿಸೆಂಬರ್ 29ರಂದು ಟೆಕ್ಸಾಸಿನ ವೈಟ್ ಸೆಟಲ್‌ಮೆಂಟ್ ಎಂಬ ಊರಿನ ಇಗರ್ಜಿಯಲ್ಲಿ ಒಬ್ಬನು ಪ್ರಾರ್ಥನೆಯ ನಡುವೆ ಎದ್ದು ಇಬ್ಬರನ್ನು ಕೊಂದಾಗ, ಸಭೆಯಲ್ಲಿದ್ದ ಸ್ವಯಂಸೇವಕನೊಬ್ಬನು ಕೆಲವೇ ಕ್ಷಣಗಳಲ್ಲಿ ಒಂದೇ ಗುಂಡಿನಿಂದ ಅವನನ್ನು ತಡೆದನು. ಅದಕ್ಕೆ ಏಳು ವರ್ಷ ಮೊದಲು, 2012ರ ಆಗಸ್ಟ್ 5ರಂದು, ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕಿನ ಗುರುದ್ವಾರದಲ್ಲಿ ಆರು ಮಂದಿ ಹತರಾದರು. ಇವನ್ನು ಬಲ್ಲ ಯಾವ ದೇವಾಲಯ ಸಮಿತಿಯೂ ಅಹಿಂಸೆಯ ಫಲಕ ಹಾಕಿ ನಿಶ್ಚಿಂತವಾಗಿರಲಾರದು. ಆದರೆ ಆ ಸ್ವಯಂಸೇವಕನು ಬಂದೂಕು ಶಿಕ್ಷಣ ಕೊಡುತ್ತಿದ್ದವನು, ಆ ಹೊಣೆಗೆಂದೇ ನಿಯೋಜಿತನಾಗಿದ್ದವನು. ಆತನ ಸುತ್ತ ಇನ್ನೂ ಹಲವರು ಪಿಸ್ತೂಲು ಹಿಡಿದು ಎದ್ದಿದ್ದರು. ಅವರ ಕೈ ನಡುಗಿದ್ದರೆ ಏನಾಗುತ್ತಿತ್ತೆಂಬುದು ಬೇರೆ ಮಾತು. ರಕ್ಷಣೆಯು ಒಬ್ಬಿಬ್ಬರ ನಿಯತ ಕರ್ತವ್ಯವಾಗಿ ಬಾಗಿಲಿನ ಹೊರಗೆ ನಿಲ್ಲುವುದು ಒಂದು. ಅಭಿಷೇಕಕ್ಕೆ ಬಂದ ಪ್ರತಿಯೊಬ್ಬನೂ ಗುಟ್ಟಾಗಿ ಸಜ್ಜಾಗಿರುವುದು ಇನ್ನೊಂದು. ಟೆಕ್ಸಾಸಿನ ಕಾನೂನು, ಮರೆಮಾಡಿದ ಆಯುಧವನ್ನು ತಮ್ಮ ಆವರಣದೊಳಗೆ ತರಬಾರದೆಂದು ನಿಗದಿತ ಒಕ್ಕಣೆಯ ಫಲಕ ಹಾಕುವ ಅಧಿಕಾರವನ್ನು ಆಡಳಿತ ಮಂಡಳಿಗಳಿಗೆ ಕೊಟ್ಟಿದೆ. ಆ ಫಲಕ ಹಾಕಬೇಕು. ಹಾಕಿದ ಮೇಲೆ ಕಾವಲಿನ ಏರ್ಪಾಡನ್ನೂ ಮಾಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಡುವುದು ಹೊಣೆಗೇಡಿತನ.

ಅಂಗಡಿಯ ಗೃಹಸ್ಥನಿಗೂ ಬೇರೆ ದಾರಿಗಳಿಲ್ಲದಿಲ್ಲ. ಒಂಬತ್ತಕ್ಕೇ ಬಾಗಿಲು ಹಾಕಬಹುದು. ಹಾಕಿದ ಹಣವನ್ನು ತಾನೇ ತೆಗೆಯಲಾಗದ ಉಕ್ಕಿನ ತಿಜೋರಿಯನ್ನು ಇರಿಸಿ, ಹಾಗೆಂದು ಬಾಗಿಲಿನ ಮೇಲೆ ಬರೆದು ಅಂಟಿಸಬಹುದು. ಇಬ್ಬರು ಜೊತೆಯಾಗಿ ಹೊರಡಬಹುದು. ಇವುಗಳಿಗೆ ಲಾಭದಲ್ಲಿ ಒಂದಂಶ ತೆರಬೇಕಾಗುತ್ತದೆ. ಆ ನಷ್ಟಕ್ಕೂ ಪಿಸ್ತೂಲಿಗೂ ನಡುವೆ ಆಯ್ಕೆಯಿದೆಯೆಂಬುದು ಗಾಜಿನ ಕಪಾಟಿನಲ್ಲಿ ಕಾಣುವುದಿಲ್ಲ.

ಕೊಂಡು, ಎರಡು ವರ್ಷ ಧರಿಸಿ, ಮುಂದೊಂದು ದಶಲಕ್ಷಣ ಪರ್ವದಲ್ಲಿ ಆತನಿಗೆ ಅದು ಬೇಡವೆನ್ನಿಸಿತೆಂದು ಭಾವಿಸಿದರೆ, ಆಗ ಹೊಸ ಸಂಕಟ ಶುರುವಾಗುತ್ತದೆ. ಮಾರಿದರೆ ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದ ಹಿಂಸಾದಾನಕ್ಕೆ ಅದು ತೀರ ಸಮೀಪ. ಅವರು ಕತ್ತಿಯ ಜೊತೆಗೆ ಗುದ್ದಲಿಯನ್ನೂ ಬೆಂಕಿಯನ್ನೂ ಆ ಪಟ್ಟಿಯಲ್ಲಿ ಸೇರಿಸಿರುವಾಗ ಪಿಸ್ತೂಲಿಗೆ ವಿನಾಯಿತಿ ಎಲ್ಲಿಯದು? ಪೊಲೀಸರಿಗೆ ಒಪ್ಪಿಸಿ ನಾಶಪಡಿಸಲು ಹೇಳಬಹುದು. ಆದರೆ ಅಲ್ಲಿಯ ಹಲವು ನಗರಗಳು ಒಪ್ಪಿಸಿಕೊಂಡ ಆಯುಧಗಳ ಚೌಕಟ್ಟನ್ನು ಮಾತ್ರ ಕತ್ತರಿಸುವ ಕಂಪನಿಗಳಿಗೆ ಅವನ್ನು ಕೊಡುತ್ತಿದ್ದುದೂ, ನಳಿಕೆ ಮುಂತಾದ ಉಳಿದ ಭಾಗಗಳು ಮಾರಾಟಕ್ಕೆ ಬರುತ್ತಿದ್ದುದೂ 2023ರ ಕೊನೆಯಲ್ಲಿ ಪತ್ರಿಕೆಗಳಿಂದ ಬೆಳಕಿಗೆ ಬಂದಿತು. ಇಡಿಯಾಗಿ ಕರಗಿಸುವಿರಾ ಎಂದು ಠಾಣೆಯವರನ್ನು ಕೇಳಿ ಖಚಿತಪಡಿಸಿಕೊಂಡೇ ಆತ ಅದನ್ನು ಕೊಡಬೇಕಾಗುತ್ತದೆ.